ಬಾಡಿಗೆ ರೂಮಲ್ಲಿ ಗಾಂಜಾ: ಗಿಡ ಸುಮ್ಮನಿದ್ರೂ ಮೀಟರ್ ಸುಮ್ಮನಿರಲ್ಲ

2023ರ ಜೂನ್‌ನಲ್ಲಿ ಶಿವಮೊಗ್ಗದ ಬಾಡಿಗೆ ಮನೆಯೊಂದರಲ್ಲಿ ಗಾಂಜಾ ಬೆಳೆಸುತ್ತಿದ್ದ ಆರೋಪದ ಮೇಲೆ ವೈದ್ಯಕೀಯ ವಿದ್ಯಾರ್ಥಿಗಳ ಬಂಧನವಾಗಿದ್ದು ನೆನಪಿರಬಹುದು. ಕಬ್ಬಿನ ಗದ್ದೆ ನಡುವೆ ಗಿಡ ಸಿಗೋದು ಹಳೇ ಸುದ್ದಿ. ಬಿಸಿಲೇ ಬೀಳದ ರೂಮಲ್ಲಿ ಬೆಳೆಯೋದು ಹೇಗೆ?

ಚಿಕ್ಕಬಳ್ಳಾಪುರ ಕಡೆ ರಾತ್ರಿ ಬಸ್ಸಲ್ಲಿ ಹೋದವರು ಸೇವಂತಿಗೆ ತೋಟದಲ್ಲಿ ಬಲ್ಬ್ ಉರಿಯೋದು ನೋಡಿರ್ತೀರಿ. ಸೇವಂತಿಗೆ ಹೂ ಬಿಡೋದು ರಾತ್ರಿ ಉದ್ದವಾದಾಗ. ಗಾಂಜಾದ ಹೆಚ್ಚಿನ ತಳಿಗಳೂ ಹಾಗೇ. ಎಲೆಯಲ್ಲಿರುವ ಫೈಟೋಕ್ರೋಮ್ ಅನ್ನೋ ವರ್ಣದ್ರವ್ಯ ಕತ್ತಲೆಯ ಲೆಕ್ಕ ಇಡುತ್ತೆ, ನಡುವೆ ಬೆಳಕು ಬಿದ್ದರೆ ಲೆಕ್ಕ ತಪ್ಪುತ್ತೆ. (ಡಿಗ್ರಿ ಅರ್ಧಕ್ಕೆ ಬಿಟ್ಟ ನನಗೆ ಬಾಟನಿಯಲ್ಲಿ ನೆನಪಿರೋದು ಇದೊಂದೇ.) ಅದಕ್ಕೇ ಒಳಗೆ ಬೆಳೆಸೋರು ಮೊದಲು ದಿನಕ್ಕೆ 18 ಗಂಟೆ ಲೈಟು ಹಾಕ್ತಾರೆ, ಹೂವಿಗೆ 12 ಗಂಟೆಗೆ ಇಳಿಸ್ತಾರೆ. ಕಿಟಕಿ ಪೂರ್ತಿ ಮುಚ್ಚಿರೋದೂ ಅದಕ್ಕೇ.

ಈಗ ಲೆಕ್ಕ ಹಾಕಿ. 500 ವ್ಯಾಟಿನ ಎರಡು ಲೈಟು 18 ಗಂಟೆ ಉರಿದರೆ ದಿನಕ್ಕೆ 18 ಯೂನಿಟ್, ತಿಂಗಳಿಗೆ 540. ಗೃಹಜ್ಯೋತಿಯ ಮಿತಿಯೇ 200 ಯೂನಿಟ್!

ಲೈಟಿನ ಜೊತೆ ಕಾವು ಬರುತ್ತೆ. ಹಾಕಿದ ನೀರಲ್ಲಿ ಬಹುಪಾಲು ಎಲೆಯಿಂದ ಆವಿಯಾಗುತ್ತೆ. ಮುಚ್ಚಿದ ರೂಮಲ್ಲಿ ಆ ತೇವ ನಿಂತರೆ ಹೂವಿಗೆ ಬೂಷ್ಟು. ಹಾಗಾಗಿ ಎಕ್ಸಾಸ್ಟ್ ಫ್ಯಾನ್ ಓಡ್ತಾನೇ ಇರಬೇಕು. ಹೂ ಬಿಟ್ಟಾಗ ಘಾಟು ವಾಸನೆ ಜಾಸ್ತಿ, ಅದೂ ಫ್ಯಾನ್ ಜೊತೆ ಹೊರಗೆ ಬರುತ್ತೆ.

ಅಂಗಡಿ ಮೇಲಿನ ರೂಮು ಬಾಡಿಗೆಗೆ ಕೊಟ್ಟವರು ಇದನ್ನ ಗಮನಿಸಬೇಕು. 1985ರ ಎನ್‌ಡಿಪಿಎಸ್ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಗಿಡ ಬೆಳೆಸಿದವರಿಗೆ 10 ವರ್ಷದವರೆಗೆ ಕಠಿಣ ಜೈಲು, 1 ಲಕ್ಷದವರೆಗೆ ದಂಡ. 25ನೇ ಸೆಕ್ಷನ್ ಪ್ರಕಾರ, ಗೊತ್ತಿದ್ದೂ ಜಾಗ ಬಿಟ್ಟುಕೊಟ್ಟ ಮಾಲೀಕರಿಗೂ ಅದೇ ಶಿಕ್ಷೆ. 'ಬಾಡಿಗೆ ಸರಿಯಾಗಿ ಬರ್ತಿತ್ತು, ನಾನ್ಯಾಕೆ ಕೇಳ್ಲಿ' ಅಂದರೆ ಪೊಲೀಸರ ಮುಂದೆ ನಡೆಯಲ್ಲ.

ಹಾಗಂತ ಬಿಲ್ ಜಾಸ್ತಿ ಬಂದ ಬಾಡಿಗೆದಾರರೆಲ್ಲ ಕಳ್ಳರಲ್ಲ. ಗೀಸರ್ರು, ಎಸಿ, ಹಳೇ ಫ್ರಿಡ್ಜು ಕೂಡ ಯೂನಿಟ್ ತಿನ್ನುತ್ತೆ. ಹುಡುಗರು ಅಂತ ಅನುಮಾನ ಪಡೋದಂತೂ ಬೇಡವೇ ಬೇಡ, ರೂಮು ಹುಡುಕಿ ಸುಸ್ತಾದವರಲ್ಲಿ ನಾನೂ ಒಬ್ಬ. ಆದರೆ ಬಿಲ್ಲು, ಮುಚ್ಚಿದ ಕಿಟಕಿ, ನಿಲ್ಲದ ಫ್ಯಾನು, ವಾಸನೆ ನಾಲ್ಕೂ ಒಟ್ಟಿಗೆ ಕಂಡರೆ ನೀವೇ ಬೀಗ ಒಡೆಯೋಕೆ ಹೋಗಬೇಡಿ. 112ಕ್ಕೆ ಫೋನ್ ಮಾಡಿ.