ಗೆಲುವೇ ಸರ್ವಸ್ವವೇ?

ಕೆಲವು ವರ್ಷಗಳ ಹಿಂದೆ ಶಾಲೆಯೊಂದರ ಕ್ರೀಡಾ ದಿನಾಚರಣೆಗೆ ನಮಗೆ ಆಮಂತ್ರಣವಿತ್ತು. ಬಹುಮಾನ ವಿತರಿಸಿದ ಅತಿಥಿಗಳು ಮಕ್ಕಳನ್ನು ಉದ್ದೇಶಿಸಿ ಮಾತನಾಡುತ್ತ, ಗೆಲುವು ಮುಖ್ಯವೆಂದರೆ ಸಾಲದು, ಗೆಲುವಿನ ಹೊರತು ಬೇರೆ ಏನೂ ಇಲ್ಲವೆಂಬ ಅರ್ಥದ ಮಾತೊಂದನ್ನು ಉದ್ಧರಿಸಿದರು. ಅದು ಅಮೆರಿಕದ ಪ್ರಸಿದ್ಧ ಫುಟ್ಬಾಲ್ ತರಬೇತುದಾರ ವಿನ್ಸ್ ಲೊಂಬಾರ್ಡಿಯವರದೆಂದೂ ತಿಳಿಸಿದರು. ಜೋರಾದ ಚಪ್ಪಾಳೆಯಾಯಿತು. ದೂರದ ಓಟದಲ್ಲಿ ಎಲ್ಲರಿಗಿಂತ ಕೊನೆಯವನಾದರೂ ನಡುವೆ ನಿಲ್ಲದೆ ಗೆರೆ ಮುಟ್ಟಿದ್ದ ಬಾಲಕನೊಬ್ಬ ಆಗ ಮೈದಾನದ ಅಂಚಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದನು. ಆ ಮಾತು ನಿಜವಾದರೆ ಆತನು ಅಂದು ಮಾಡಿದ್ದು ಶೂನ್ಯವೆಂದೇ ಆಗುವುದು. ನಿಜವೇ ಎಂಬ ಪ್ರಶ್ನೆ ನಮ್ಮನ್ನು ಬಿಡಲಿಲ್ಲ.

ಮೊದಲಾಗಿ, ಆ ಮಾತಿನ ಮೂಲ ಲೊಂಬಾರ್ಡಿಯವರಲ್ಲ. ಕ್ಯಾಲಿಫೋರ್ನಿಯಾದ ರೆಡ್ ಸ್ಯಾಂಡರ್ಸ್ ಎಂಬ ಕಾಲೇಜು ತರಬೇತುದಾರರು ಅದನ್ನು ಮುಂಚೆಯೇ ಆಡಿದ್ದರು. 1953ರ ಚಲನಚಿತ್ರವೊಂದರಲ್ಲಿಯೂ ಅದು ಕೇಳಿಬಂದಿತ್ತು. ಲೊಂಬಾರ್ಡಿಯವರೂ ಅದನ್ನು ಬಳಸಿದರೆಂಬುದು ದಿಟ. ಆದರೆ ತಾವು ಹೇಳಬಯಸಿದ್ದು ಪ್ರಯತ್ನದ ಕುರಿತೆಂದೂ, ಆ ಮಾತನ್ನು ಆಡದಿದ್ದರೆ ಒಳಿತಿತ್ತೆಂದೂ ಅವರು ಮುಂದೆ ವಿಷಾದಿಸಿದರೆಂದು ವರದಿಯಾಗಿದೆ. ಅವರ ಜೀವನವನ್ನು ಅವಲೋಕಿಸಿದಾಗ ಈ ವಿಷಾದಕ್ಕೆ ಕಾರಣವಿತ್ತೆಂದು ನಮಗೆ ತೋರುತ್ತದೆ.

ಅವರು 1913ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ, ಇಟಲಿ ಮೂಲದ ಮಾಂಸ ವ್ಯಾಪಾರಿಯೊಬ್ಬರ ಮಗನಾಗಿ ಜನಿಸಿದರು. 15ರ ಹರೆಯದಲ್ಲಿ ಗುರುವಾಗುವ ಆಶೆಯಿಂದ ಕಿರಿಯ ಗುರುಮಠವನ್ನು ಸೇರಿ, ಸುಮಾರು ನಾಲ್ಕು ವರ್ಷಗಳ ಬಳಿಕ ಅದು ತಮ್ಮ ಕರೆಯಲ್ಲವೆಂದರಿತು ಹೊರಬಂದರು. ಅನಂತರ ಯೇಸುಸಭೆಯ ಗುರುಗಳು ನಡೆಸುತ್ತಿದ್ದ ಫೋರ್ಡಂ ವಿಶ್ವವಿದ್ಯಾಲಯದಲ್ಲಿ ಓದಿದರು. ನೀತಿಶಾಸ್ತ್ರವನ್ನು ಅಭ್ಯಸಿಸಿದ್ದೂ ಅಲ್ಲಿಯೇ, ಫುಟ್ಬಾಲ್ ಆಡಿದ್ದೂ ಅಲ್ಲಿಯೇ.

ಅಮೆರಿಕದ ಫುಟ್ಬಾಲ್ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ ಅದು. ಚೆಂಡು ಹಿಡಿದವನಿಗೆ ಕೀರ್ತಿ ಲಭಿಸುವುದು. ಮುಂದಿನ ಸಾಲಿನ ‘ಗಾರ್ಡ್’ ಚೆಂಡನ್ನು ಮುಟ್ಟುವುದೇ ಅಪರೂಪ; ಎದುರಾಳಿಯನ್ನು ಮೈಯೊಡ್ಡಿ ತಡೆದು ಪರರಿಗೆ ದಾರಿ ಮಾಡಿಕೊಡುವುದೇ ಅವನ ಕಾಯಕ. ಲೊಂಬಾರ್ಡಿಯವರು ಅಂತಹ ಗಾರ್ಡ್ ಆಗಿದ್ದರು. 1936ರ ಫೋರ್ಡಂ ತಂಡದ ಮುಂದಿನ ಸಾಲಿಗೆ ‘ಏಳು ಗ್ರಾನೈಟ್ ಬಂಡೆಗಳು’ ಎಂಬ ಬಿರುದು ಬಂದಿತ್ತು. ಆದರೆ ಆ ಬಂಡೆಗಳ ಹೆಸರುವಾಸಿ ಪಂದ್ಯ ಗೆಲುವಿನದಲ್ಲ. ಪಿಟ್ಸ್‌ಬರ್ಗ್ ವಿರುದ್ಧ ಆ ವರ್ಷ ಇತ್ತಂಡಗಳೂ ಒಂದಂಕವನ್ನೂ ಗಳಿಸದೆ ಆಟ ಸಮವಾಯಿತು. ಋತುವಿನ ಕಡೆಯ ಪಂದ್ಯದಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದೆದುರು 7-6ರಿಂದ, ಒಂದೇ ಅಂಕದ ಅಂತರದಲ್ಲಿ, ಅವರು ಸೋತರು. ಗೆಲುವಿನ ಪ್ರವಾದಿಯೆನಿಸಿಕೊಂಡವರ ಕಾಲೇಜು ಆಟದ ಜೀವನ ಮುಗಿದದ್ದು ಹೀಗೆ!

ಬಳಿಕ ದೀರ್ಘ ಅಜ್ಞಾತವಾಸ. 1939ರಿಂದ ಎಂಟು ವರ್ಷ ನ್ಯೂಜೆರ್ಸಿಯ ಎಂಗಲ್‌ವುಡ್‌ನಲ್ಲಿದ್ದ ಸಂತ ಸಿಸಿಲಿಯಾ ಪ್ರೌಢಶಾಲೆಯಲ್ಲಿ ಲ್ಯಾಟಿನ್, ಭೌತಶಾಸ್ತ್ರ, ರಸಾಯನಶಾಸ್ತ್ರಗಳನ್ನು ಬೋಧಿಸುತ್ತ ತಂಡವನ್ನು ತರಬೇತುಗೊಳಿಸಿದರು. 1949ರಿಂದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ಸಹಾಯಕರಾದರು. 1951ರಲ್ಲಿ ಅಲ್ಲಿ ಪರೀಕ್ಷಾ ಅಕ್ರಮಕ್ಕಾಗಿ ಸುಮಾರು 90 ಮಂದಿ ಕೆಡೆಟ್‌ಗಳು ಹೊರಹೋಗಬೇಕಾಯಿತು. ಅವರಲ್ಲಿ ಫುಟ್ಬಾಲ್ ಆಟಗಾರರು ಬಹುಮಂದಿ. ಬಲಾಢ್ಯವಾಗಿದ್ದ ತಂಡ ಒಂದೇ ದಿನದಲ್ಲಿ ಕುಸಿದು, ಆ ವರ್ಷ ಎರಡನ್ನು ಗೆದ್ದು ಏಳನ್ನು ಸೋತಿತು. ಪ್ರಾಮಾಣಿಕತೆಯ ತಳಹದಿಯಿಲ್ಲದ ಗೆಲುವು ಎಷ್ಟು ದಿನ ನಿಂತೀತೆಂಬುದನ್ನು ಲೊಂಬಾರ್ಡಿಯವರು ಹತ್ತಿರದಿಂದಲೇ ಕಂಡರು.

1959ರಲ್ಲಿ, 45ರ ವಯಸ್ಸಿನಲ್ಲಿ, ವಿಸ್ಕಾನ್ಸಿನ್ ರಾಜ್ಯದ ಪುಟ್ಟ ನಗರದ ತಂಡವಾದ ಗ್ರೀನ್ ಬೇ ಪ್ಯಾಕರ್ಸ್‌ನ ಹೊಣೆ ಅವರಿಗೆ ಬಂತು. ಹಿಂದಿನ ವರ್ಷ ಆ ತಂಡ ಗೆದ್ದಿದ್ದುದು ಒಂದೇ ಪಂದ್ಯ. 1960ರ ಅಂತಿಮ ಪಂದ್ಯಕ್ಕೆ ಅವರು ತಂಡವನ್ನು ಕೊಂಡೊಯ್ದರು. ಆದರೆ ಅಲ್ಲಿಯೂ ಸೋಲು. ಮರುವರ್ಷ ಅನುಭವಿ ಆಟಗಾರರ ಮುಂದೆ ಚೆಂಡನ್ನು ಹಿಡಿದು, ಇದು ಫುಟ್ಬಾಲ್ ಎಂದು ಮೊದಲಿನಿಂದ ಪಾಠ ಆರಂಭಿಸಿದರು! ಅಲ್ಲಿಂದ ಏಳು ವರ್ಷಗಳಲ್ಲಿ ಐದು ಬಾರಿ ರಾಷ್ಟ್ರೀಯ ಲೀಗಿನ ಕಿರೀಟ, ಮೊದಲ ಎರಡು ಸೂಪರ್ ಬೌಲ್‌ಗಳ ವಿಜಯ.

ಅವರ ಅತಿ ಪ್ರಸಿದ್ಧ ವ್ಯೂಹದಲ್ಲಿ ಇಬ್ಬರು ಗಾರ್ಡ್‌ಗಳು ತಮ್ಮ ಸ್ಥಾನದಿಂದ ಹೊರಬಂದು, ಚೆಂಡು ಹಿಡಿದವನ ಮುಂದೆ ಓಡುತ್ತ ದಾರಿ ಬಿಡಿಸುತ್ತಿದ್ದರು. 1967ರ ಡಿಸೆಂಬರ್ 31ರಂದು, ಸೊನ್ನೆಗಿಂತ 25 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿ ನಡೆದ ಅಂತಿಮ ಪಂದ್ಯವನ್ನು 21-17ರಿಂದ ಗೆಲ್ಲಿಸಿದ ಕಡೆಯ ಓಟಕ್ಕೂ ಜೆರ್ರಿ ಕ್ರೇಮರ್ ಎಂಬ ಗಾರ್ಡ್ ಸಹಚರನೊಡನೆ ದಾರಿ ತೆರೆದನು. ಕೀರ್ತಿ ಕಾಣದ ಸಾಲಿನಲ್ಲಿ ನಿಂತು ಬಂದವರು ಆ ಸಾಲನ್ನೇ ತಮ್ಮ ತಂಡದ ಜೀವಾಳವಾಗಿಸಿದರು. ಕರಿಯ ಆಟಗಾರರಿಗೆ ಸೇವೆ ನಿರಾಕರಿಸುವ ಯಾವ ಉಪಾಹಾರಗೃಹಕ್ಕೂ ತಂಡದ ಯಾರೊಬ್ಬರೂ ಕಾಲಿಡಕೂಡದೆಂದು ಅವರು ಕಟ್ಟಪ್ಪಣೆ ಮಾಡಿದ್ದನ್ನೂ ಸ್ಮರಿಸಬೇಕು. ಆ ಕಟ್ಟಪ್ಪಣೆ ಯಾವ ಅಂಕಪಟ್ಟಿಯಲ್ಲಿಯೂ ದಾಖಲಾಗಿಲ್ಲ.

ಅವರನ್ನು ಸಂತರೆನ್ನಲು ನಾವು ಹೊರಟಿಲ್ಲ. ಪ್ರತಿದಿನ ಬಲಿಪೂಜೆಯಲ್ಲಿ ಭಾಗವಹಿಸುತ್ತಿದ್ದರೂ ಅವರ ಕೋಪ ಉಗ್ರವಾಗಿತ್ತು. ಆಟಕ್ಕೆ ಕೊಟ್ಟ ಸಮಯವನ್ನು ಅವರು ಮಡದಿ ಮಕ್ಕಳಿಗೆ ಕೊಡಲಿಲ್ಲವೆಂಬುದನ್ನು ಅವರ ಚರಿತ್ರಕಾರರು ಮರೆಮಾಚಿಲ್ಲ. ಗೆಲುವನ್ನೇ ಅಪಾರವಾಗಿ ಪ್ರೀತಿಸುವವರು ತೆರುವ ಬೆಲೆಯನ್ನು ಅವರೂ ತೆತ್ತರು, ಅವರ ಮನೆಯವರೂ ತೆತ್ತರು. 1970ರ ಸೆಪ್ಟೆಂಬರ್ 3ರಂದು, 57ರ ವಯಸ್ಸಿನಲ್ಲಿ, ಅರ್ಬುದ ರೋಗಕ್ಕೆ ಬಲಿಯಾದರು. ಅಂದಿನಿಂದ ಸೂಪರ್ ಬೌಲ್ ವಿಜೇತರ ಪಾರಿತೋಷಕ ಅವರ ಹೆಸರನ್ನು ಹೊತ್ತಿದೆ.

ಹಾಗಾದರೆ ಗೆಲುವು ಬೇಡವೇ? ಬೇಕು. ಗೆಲ್ಲಲು ಯತ್ನಿಸದೆ ಆಡುವವನು ಆಟವನ್ನೂ ಎದುರಾಳಿಯನ್ನೂ ಅವಮಾನಿಸುತ್ತಾನೆ. ಸಂತ ಪೌಲರೂ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಬಹುಮಾನಕ್ಕಾಗಿ ಓಡುವವನ ಉಪಮೆಯನ್ನು ಕೊಡುತ್ತಾರೆ. ಲೊಂಬಾರ್ಡಿಯವರು ಅದನ್ನು ತಮ್ಮ ಆಟಗಾರರಿಗೆ ನೆನಪಿಸಿದ್ದುಂಟು. ಆದರೆ ಪೌಲರು ಹೇಳುವ ಬಾಡದ ಕಿರೀಟ ಒಬ್ಬನಿಗೆ ದೊರೆತರೆ ಇನ್ನೊಬ್ಬನಿಗೆ ತಪ್ಪುವಂಥದಲ್ಲ. ಪ್ರತಿ ಪಂದ್ಯದಲ್ಲಿ ಒಂದು ತಂಡ ಗೆದ್ದರೆ ಇನ್ನೊಂದು ಸೋಲಲೇಬೇಕು. ಆಡುವವರಲ್ಲಿ ಅರ್ಧದಷ್ಟು ಜನರಿಗೆ ನಿಯಮದಿಂದಲೇ ನಿಷಿದ್ಧವಾದದ್ದು ಮನುಷ್ಯನ ಪರಮ ಶ್ರೇಯಸ್ಸು ಹೇಗಾದೀತು? ಗೆಲುವು ಆಟದ ಗುರಿ. ಸದ್ಗುಣ ಆಟಗಾರನ ಗುರಿ. ಅಭ್ಯಾಸದಿಂದ ಮೈಗೂಡುವ ಧೈರ್ಯ, ಸಂಯಮ, ಪರರಿಗೆ ದಾರಿ ಬಿಡುವ ಮನಸ್ಸು ಸೋತವನಲ್ಲಿಯೂ ಉಳಿಯುತ್ತವೆ. ಈ ಎರಡು ಗುರಿಗಳನ್ನು ಬೆರೆಸಿ ಒಂದಾಗಿಸಿದ್ದೇ ಆ ಮಾತಿನ ದೋಷ.

ಹೆತ್ತವರಲ್ಲಿ, ಉಪಾಧ್ಯಾಯರಲ್ಲಿ ನಮ್ಮದೊಂದು ವಿನಂತಿ. ಮಗು ಮೈದಾನದಿಂದ ಮರಳಿದಾಗ ಗೆದ್ದೆಯಾ ಎಂದು ಕೇಳಿರಿ, ತಪ್ಪಿಲ್ಲ. ಅದರೊಡನೆ, ಕೊನೆಯವರೆಗೆ ಓಡಿದೆಯಾ, ಯಾರಿಗಾದರೂ ದಾರಿ ಬಿಟ್ಟೆಯಾ ಎಂದೂ ಕೇಳಿರಿ. ಅಂದು ಮೈದಾನದ ಅಂಚಿನಲ್ಲಿ ಕುಳಿತಿದ್ದ ಬಾಲಕನ ಬಳಿಗೆ ಹೋಗಿ ಹೀಗೆ ಕೇಳುವ ಬುದ್ಧಿ ನಮಗೆ ಸಕಾಲದಲ್ಲಿ ಬರಲಿಲ್ಲ. ವೇದಿಕೆಯಿಂದ ಇಳಿಯುವಷ್ಟರಲ್ಲಿ ಆತನು ಮನೆಗೆ ಹೊರಟುಹೋಗಿದ್ದನು.