ಟಿವಿ ದೊಡ್ಡದು, ಅಕ್ಷರ ಚಿಕ್ಕದು

ತರಗತಿಗೆ 65 ಇಂಚಿನ ಟಿವಿ ಬಂದ ಮೇಲೆ ಪಾಠಗಳಿಗೆ ಹೊಸ ಕಳೆ ಬಂದಿದೆ. ಜೀವಶಾಸ್ತ್ರದ ತರಗತಿಯಲ್ಲಿ ಹೃದಯದ ಕವಾಟ ತೆರೆದು ಮುಚ್ಚುವುದನ್ನೇ ನೋಡಬಹುದು. ಆದರೆ ಮಧ್ಯಾಹ್ನದ ಹೊತ್ತಿಗೆ ಹಲವರು ಕಣ್ಣು ಉಜ್ಜಿಕೊಳ್ಳುತ್ತಾರೆ, ತಲೆನೋವು ಎನ್ನುತ್ತಾರೆ. ದೊಡ್ಡ ಟಿವಿ ನೋಡಿದ ಮಾತ್ರಕ್ಕೆ ಕಣ್ಣು ಹಾಳಾಗುವುದಿಲ್ಲ. ಅಂಗೈಯಲ್ಲಿರುವ ಮೊಬೈಲ್ ನೋಡುವುದಕ್ಕಿಂತ ದೂರದ ಟಿವಿ ನೋಡುವಾಗ ಕಣ್ಣಿನ ಸ್ನಾಯುಗಳಿಗೆ ಶ್ರಮ ಕಡಿಮೆ. ಬದಲಾಗಬೇಕಾದದ್ದು ನಾವು ಅದನ್ನು ಬಳಸುವ ರೀತಿ.

ಮೊದಲನೆಯದು ಬೆಳಕು. ಟಿವಿ ಹಾಕಿದ ಕೂಡಲೇ ಕಿಟಕಿಗಳನ್ನೆಲ್ಲ ಮುಚ್ಚಿ ಲೈಟ್ ಆರಿಸುವುದು ರೂಢಿಯಾಗಿದೆ. ಎದುರಿಗೆ ಪ್ರಖರ ಪರದೆ, ಕೆಳಗೆ ಕತ್ತಲಲ್ಲಿ ನೋಟ್ಸ್. ಇವೆರಡರ ನಡುವೆ ಕಣ್ಣು ದಣಿಯುತ್ತದೆ. ಪರದೆಗೆ ಬಿಸಿಲು ಹೊಡೆಯುವ ಕಿಟಕಿಯನ್ನಷ್ಟೇ ಮುಚ್ಚಿದರೆ ಸಾಕು.

ಎರಡನೆಯದು ಅಕ್ಷರದ ಗಾತ್ರ. ಪರದೆಯ ಎತ್ತರದ ಆರು ಪಟ್ಟಿಗಿಂತ ದೂರ ಕುಳಿತವರಿಗೆ ಪಾಠದ ಅಕ್ಷರ ಓದುವುದು ಕಷ್ಟ ಎಂಬುದೊಂದು ರೂಢಿಯ ಲೆಕ್ಕ. 65 ಇಂಚಿನ ಟಿವಿಯ ಎತ್ತರ ಸುಮಾರು 81 ಸೆಂಟಿಮೀಟರ್. ಅಂದರೆ ಮಿತಿ ಸುಮಾರು 16 ಅಡಿ. ನಮ್ಮ ಹಿಂದಿನ ಬೆಂಚುಗಳು ಅದಕ್ಕಿಂತ ದೂರ ಇವೆ. ಪಿಡಿಎಫ್‌ನ ಇಡೀ ಪುಟವನ್ನು ಒಮ್ಮೆಗೇ ತೋರಿಸಿದರೆ ಅಲ್ಲಿರುವವರು ಪಕ್ಕದವರ ನೋಟ್ಸ್ ನೋಡಿ ಬರೆಯಬೇಕಾಗುತ್ತದೆ. ಉಪನ್ಯಾಸಕರು ದಯವಿಟ್ಟು ಅರ್ಧ ಪುಟವನ್ನು ದೊಡ್ಡದಾಗಿಸಿ ತೋರಿಸಲಿ.

ಮೂರನೆಯದು ಬಿಡುವು. ಪರದೆಯನ್ನು ದಿಟ್ಟಿಸುವಾಗ ನಾವು ರೆಪ್ಪೆ ಮಿಟುಕಿಸುವುದು ಕಡಿಮೆಯಾಗುತ್ತದೆ. ಕಣ್ಣೀರಿನ ಪದರ ಒಣಗಿ ಉರಿ ಶುರುವಾಗುತ್ತದೆ. 20 ನಿಮಿಷಕ್ಕೊಮ್ಮೆ 20 ಸೆಕೆಂಡು ಕಿಟಕಿಯಾಚೆಗೆ ದೂರ ನೋಡುವುದರಿಂದ ಪಾಠವೇನೂ ಹಿಂದೆ ಬೀಳದು.

ಇಷ್ಟಾದರೂ ಅಕ್ಷರ ಮಂಜಾಗಿಯೇ ಕಂಡರೆ, ದೋಷ ಟಿವಿಯದ್ದಲ್ಲ, ದೃಷ್ಟಿಯದ್ದು. ಈ ವಿಷಯದಲ್ಲಿ ನಮ್ಮ ಮನೆಗಳು ಬದಲಾಗಬೇಕಿದೆ. ಹುಡುಗಿ ಕನ್ನಡಕ ಹಾಕಿದರೆ ನಾಳೆ ಸಂಬಂಧ ಕೂಡಿಬರುವುದು ಕಷ್ಟ ಎಂಬ ಮಾತು ಇನ್ನೂ ಕೇಳಿಬರುತ್ತದೆ. ಹುಡುಗರು ಗೆಳೆಯರ ತಮಾಷೆಗೆ ಹೆದರಿ ಕನ್ನಡಕವನ್ನು ಬ್ಯಾಗಿನಲ್ಲೇ ಇಟ್ಟುಕೊಳ್ಳುತ್ತಾರೆ. ಕಣ್ಣು ಅಲ್ಲಾಹನು ನಮ್ಮ ಕೈಗೊಪ್ಪಿಸಿದ ಅಮಾನತ್. ಅದನ್ನು ಜೋಪಾನ ಮಾಡುವುದರಲ್ಲಿ ನಾಚಿಕೆ ಏಕೆ? ಕನ್ನಡಕ ಹಾಕಿದರೆ ದೃಷ್ಟಿ ಇನ್ನಷ್ಟು ಕೆಡುತ್ತದೆ ಎಂಬುದೂ ತಪ್ಪು ತಿಳಿವಳಿಕೆ.

ಪ್ರತಿ ತರಗತಿಯ ಲೀಡರ್‌ಗಳಲ್ಲಿ ಒಂದು ವಿನಂತಿ. ನಾಳೆ ಪಾಠ ಆರಂಭವಾಗುವ ಮುನ್ನ ಕೊನೆಯ ಬೆಂಚಿನಲ್ಲಿ ಕುಳಿತು ಟಿವಿ ನೋಡಿ. ಅಲ್ಲಿಂದ ಓದಲಾಗದಿದ್ದರೆ ಅಕ್ಷರ ದೊಡ್ಡದು ಮಾಡುವಂತೆ ಕೇಳಿ. ಹಿಂದೆ ಕುಳಿತವರೂ ಅದೇ ಪರೀಕ್ಷೆ ಬರೆಯುವವರು.