15 ಬಾರ್ ಅಂದರೆ ಏನು ಅಂತ ಅಂಗಡಿಯವನನ್ನು ಕೇಳಿ

ಕಾಫಿಗೆ ರೇಟು ಬಂದ ಮೇಲೆ ನಮ್ಮ ಮೊಬೈಲುಗಳಿಗೆ ಎಸ್ಪ್ರೆಸೊ ಮೆಷಿನ್ ಜಾಹೀರಾತೂ ಬರತೊಡಗಿದೆ. 15 ಬಾರ್, 20 ಬಾರ್, ಸುಲಭ ಕಂತು. ತೋಟದ ದುಡ್ಡು ಎಲ್ಲಿದೆ ಅಂತ ಮಾರುವವರಿಗೆ ಗೊತ್ತು.

'ಹಳ್ಳಿಯವರಿಗೆ ಎಸ್ಪ್ರೆಸೊ ಯಾಕೆ?' ಅನ್ನುವವರ ಜೊತೆ ನಾನಿಲ್ಲ. ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ 70 ಪಾಲು ಕರ್ನಾಟಕದ್ದು. ಚಿಕ್ಕಮಗಳೂರು, ಕೊಡಗು, ಹಾಸನದ ಕಾಫಿ ಇಟಲಿಗೆ ಹೋಗುತ್ತದೆ. ಅಲ್ಲಿನ ಎಸ್ಪ್ರೆಸೊಗೆ ಗಟ್ಟಿತನ, ನೊರೆ ಬರಲಿ ಅಂತ ನಮ್ಮ ರೊಬಸ್ಟಾ ಬೆರೆಸುತ್ತಾರೆ. ಬೆಳೆದವನು ಕುಡಿದರೆ ಶೋಕಿ, ಕೊಂಡವನು ಕುಡಿದರೆ ರುಚಿ ಅನ್ನುವುದು ಯಾವ ನ್ಯಾಯ? ಕುಡಿಯಿರಿ. ಆದರೆ ಮೋಸ ಹೋಗಬೇಡಿ.

ಮೊದಲ ಮೋಸ ಆ ಬಾರ್ ಲೆಕ್ಕದ್ದು. ಎಸ್ಪ್ರೆಸೊಗೆ ಬೇಕಾದ ಒತ್ತಡ ಸುಮಾರು 9 ಬಾರ್. ಡಬ್ಬದ ಮೇಲಿನ 15 ಪಂಪಿನ ಗರಿಷ್ಠ ಶಕ್ತಿ ಅಷ್ಟೆ. ಬೋರ್‌ವೆಲ್ ಮೋಟಾರಿನ ಪ್ಲೇಟಿನಲ್ಲಿ ಗರಿಷ್ಠ ಹೆಡ್ ಬರೆದಿರುತ್ತದಲ್ಲ, ಅಷ್ಟು ಎತ್ತರಕ್ಕೆ ಹೋದರೆ ನೀರೇ ಬೀಳುವುದಿಲ್ಲ. ಇದೂ ಹಾಗೆ. 15ಕ್ಕಿಂತ 20 ದೊಡ್ಡದು ಅಂತ ಹೆಚ್ಚು ದುಡ್ಡು ಕೊಡಬೇಡಿ. ಪಂಪೇ ಇಲ್ಲದೆ ಬರೀ ಹಬೆಯಿಂದ ನೀರು ತಳ್ಳುವ ಅಗ್ಗದ ಮೆಷಿನ್ನುಗಳೂ ಅದೇ ಹೆಸರಲ್ಲಿ ಮಾರಾಟವಾಗುತ್ತವೆ. ಅವು 9 ಬಾರ್ ಹತ್ತಿರಕ್ಕೂ ಹೋಗುವುದಿಲ್ಲ.

ಎರಡನೆಯದು ನೊರೆ. ಪುಡಿ ಹಾಕುವ ಬಟ್ಟಲಿಗೆ ಎರಡು ತಳ ಇಟ್ಟು, ಒಂದೇ ಸಣ್ಣ ತೂತಿನಿಂದ ಕಾಫಿ ಚಿಮ್ಮಿಸಿದರೆ ಎಂಥ ಹಳೇ ಪುಡಿಯಲ್ಲೂ ನೊರೆ ಬರುತ್ತದೆ. ವಿಡಿಯೋದಲ್ಲಿ ಚೆಂದ, ಬಾಯಲ್ಲಿ ಸಪ್ಪೆ.

ಅಸಲು ವಿಷಯ ಬೀಸುವುದು. 18 ಗ್ರಾಂ ಪುಡಿಯಿಂದ 36 ಗ್ರಾಂ ಕಾಫಿ 25–30 ಸೆಕೆಂಡಿನಲ್ಲಿ ಇಳಿಯಬೇಕು ಅನ್ನುವುದು ಸಾಮಾನ್ಯ ಲೆಕ್ಕ. ಪುಡಿ ತರಿಯಾದರೆ ನೀರು ಸರ್ರನೆ ಓಡುತ್ತದೆ, ತೀರಾ ನುಣ್ಣಗಾದರೆ ಕಟ್ಟಿಕೊಳ್ಳುತ್ತದೆ. ಮಿಕ್ಸಿಯಲ್ಲಿ ಬೀಸಿದರೆ ತರಿ, ಧೂಳು ಎರಡೂ ಸೇರಿರುತ್ತದೆ. ಹಾಗಾಗಿ ಒಳ್ಳೆ ಗ್ರೈಂಡರಿಗೆ ಮೊದಲು ದುಡ್ಡು ತೆಗೆದಿಡಿ, ಉಳಿದದ್ದರಲ್ಲಿ ಮೆಷಿನ್ ನೋಡಿ. ಜಾಹೀರಾತು ಇದನ್ನು ಹೇಳುವುದಿಲ್ಲ.

ಪುಡಿ ಪ್ಯಾಕೆಟ್ಟನ್ನೂ ತಿರುಗಿಸಿ ಓದಿ. ಕಾಫಿ-ಚಿಕೋರಿ ಮಿಶ್ರಣದಲ್ಲಿ 49 ಪರ್ಸೆಂಟ್‌ವರೆಗೆ ಚಿಕೋರಿ ಹಾಕಲು ಕಾನೂನೇ ಬಿಟ್ಟಿದೆ. ಆ ಪುಡಿ ಹಾಕಿದರೆ ಎಷ್ಟು ದುಬಾರಿ ಮೆಷಿನ್ ಆದರೂ ಇಳಿಯುವುದು ಅರ್ಧ ಚಿಕೋರಿಯ ಕಷಾಯವೇ.

ಇನ್ನು ಕರೆಂಟು, ನೀರು. ಈ ಮೆಷಿನ್ನುಗಳು ಸಾಮಾನ್ಯವಾಗಿ 1000 ವ್ಯಾಟ್ ದಾಟುತ್ತವೆ. ಮನೆಯ ಸಣ್ಣ ಇನ್ವರ್ಟರ್ ಎಳೆಯುವುದಿಲ್ಲ. ಗಡಸು ನೀರಾದರೆ ಹಂಡೆಗೆ ಕಟ್ಟುವ ಬಿಳಿ ಪದರವೇ ಮೆಷಿನ್ನಿನ ಒಳಗೂ ಕಟ್ಟುತ್ತದೆ. ಅದು ಕೆಟ್ಟರೆ ನಿಮ್ಮ ತಾಲ್ಲೂಕಿನಲ್ಲಿ ರಿಪೇರಿ ಮಾಡುವವರು ಯಾರು? ಕಂತಿಗೆ ಸಹಿ ಹಾಕುವ ಮೊದಲು ಕೇಳಿ. ಮೆಷಿನ್ ಮೂಲೆ ಸೇರಿದರೂ ಕಂತು ನಿಲ್ಲುವುದಿಲ್ಲ.

ನನ್ನ ಮಾತು ಇಷ್ಟೆ. ಈ ಸಲ ಕಣದ ಕಾಫಿಯನ್ನೆಲ್ಲ ಮಾರಬೇಡಿ. ಐದು ಕೆಜಿ ಒಳ್ಳೆ ಬೀಜ ಆರಿಸಿ ಇಟ್ಟುಕೊಳ್ಳಿ. ಪೇಟೆಯ ಕಾಫಿ ವರ್ಕ್ಸ್‌ನಲ್ಲಿ ಸಿಪ್ಪೆ ತೆಗೆಸಿ ಹುರಿಸಿಕೊಡುತ್ತಾರಾ ಕೇಳಿ. ಚಿಕೋರಿ ಬೇಡ ಅನ್ನಿ. ಮನೆಯ ಹಳೇ ಫಿಲ್ಟರಿನಲ್ಲೇ ಇಳಿಸಿ ಕುಡಿದು ನೋಡಿ. ಆ ರುಚಿ ಹಿಡಿಸಿ, ಇನ್ನೂ ಗಟ್ಟಿ ಬೇಕು ಅನ್ನಿಸಿದರೆ ಗ್ರೈಂಡರ್ ತನ್ನಿ. ಮೆಷಿನ್ ಕೊನೆಗೆ.